ಲೋಕಲ್ ನಿಂತರೂ ಮಾತ್ರೆ ನಿಲ್ಲಬಾರದು

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಊರು ಕುಂದಾಪುರದ ಕಡೆ. ಮನೆಯಲ್ಲಿ ಅಮ್ಮನಿಗೆ ಪಾರ್ಕಿನ್ಸನ್, ಕೈ ನಡುಗುವ, ಮೈ ಬಿಗಿಯುವ ನರದ ಕಾಯಿಲೆ. ಹಾಗಾಗಿ ಕೋವಿಡ್ ಕಾಲವನ್ನು ಕೌಂಟರಿನ ಒಳಗೆ ನಿಂತೂ ನೋಡಿದ್ದೇನೆ, ಹೊರಗೆ ನಿಂತೂ ನೋಡಿದ್ದೇನೆ. ನಾನು ಡಾಕ್ಟರಲ್ಲ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ನರರೋಗದ ಡಾಕ್ಟರೇ ಹೇಳಬೇಕು. ಆ ಮಾತ್ರೆ ನಿಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಸಿಗುವ ಹಾಗೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನು ನಾನು ಹೇಳಬಲ್ಲೆ.

2020ರ ಮಾರ್ಚ್ 22, ಜನತಾ ಕರ್ಫ್ಯೂ. ಅದಾದ ಮೇಲೆ ಲೋಕಲ್ ರೈಲು ಸಾಮಾನ್ಯ ಜನರಿಗೆ ನಿಂತೇ ಹೋಯಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ಓಡಿತು. ಉಳಿದವರೆಲ್ಲರೂ ಹತ್ತಬೇಕಾದರೆ 2021ರ ಫೆಬ್ರವರಿ ಬರಬೇಕಾಯಿತು, ಅದೂ ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ. ನಮ್ಮ ಕಡೆಯ ಬಹಳ ಜನ ಪರೇಲಿನ ಕೆಇಎಂಗೋ ಸಯಾನ್ ಆಸ್ಪತ್ರೆಗೋ ಹೋಗಿ ಔಷಧಿ ತರುವವರು. ಲೋಕಲ್ ಇಲ್ಲ ಅಂದರೆ ಅವರಿಗೆ ಡಾಕ್ಟರೂ ಇಲ್ಲ, ಚೀಟಿಯೂ ಇಲ್ಲ. ಆಗ ಅಂಗಡಿಗೆ ಬಂದವರೆಲ್ಲ ಮಾಸ್ಕ್ ಕೇಳಿದರು, ಸ್ಯಾನಿಟೈಸರ್ ಕೇಳಿದರು, ಕೋವಿಡ್‌ಗೆ ಅಂತ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೇಳಿದರು. ಪಾರ್ಕಿನ್ಸನ್ ಮಾತ್ರೆ, ಫಿಟ್ಸ್ ಮಾತ್ರೆ ಬೇಕಾದವರು ಮಾತ್ರ ತಿಂಗಳ ಕೊನೆಗೆ ಮೆಲ್ಲಗೆ ಬಂದು, "ಅಣ್ಣಾ, ಇವರ ಕೈ ನಡುಕ ಈಗ ಕಡಿಮೆ ಇದೆ. ಮಾತ್ರೆ ಮುಗಿಯುತ್ತಾ ಬಂತು. ಅರ್ಧ ಅರ್ಧ ಮಾಡ್ಲಾ?" ಅಂತ ಕೇಳಿದರು.

ಮಾಡಬೇಡಿ. ನಡುಕ ಕಡಿಮೆ ಇರುವುದೇ ಆ ಮಾತ್ರೆಯಿಂದ. ಪಾರ್ಕಿನ್ಸನ್ ಇದ್ದವರು ಲೆವೊಡೋಪಾ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಮೈ ಮರದ ಹಾಗೆ ಬಿಗಿದುಕೊಳ್ಳಬಹುದು. ಜೋರು ಜ್ವರ ಬಂದು ಜೀವಕ್ಕೇ ಅಪಾಯ ಆಗಬಹುದು. ಫಿಟ್ಸ್ ಮಾತ್ರೆ ತಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಲ್ಲದೆ ಹೋಗಬಹುದು. ಸಾಂಕ್ರಾಮಿಕ ಬಂದಾಗ ವೈರಸ್ ನಮ್ಮ ಮನೆಗೆ ಬರುತ್ತದೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮಾತ್ರೆ ತಪ್ಪಿದರೆ ತೊಂದರೆ ಬರುವುದಂತೂ ಹೆಚ್ಚುಕಡಿಮೆ ಖಂಡಿತ. ನಾನು ಮುಂದೆ ಹೇಳುವುದೆಲ್ಲ ಈ ಒಂದು ವಿಷಯಕ್ಕೇ ಅಂಟಿಕೊಂಡಿದೆ.

ಒಂದು ತಿಂಗಳು ಮುಂದೆ ಇರಿ

ಗಾಬರಿ ಶುರುವಾದ ಮೇಲೆ ಆರು ತಿಂಗಳ ಮಾತ್ರೆ ಒಟ್ಟಿಗೆ ಕೊಳ್ಳಲು ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಒಯ್ದ ಸ್ಟ್ರಿಪ್ ಇನ್ಯಾರಿಗೋ ಆ ವಾರ ಬೇಕಾಗಿರುತ್ತದೆ. ಅದರ ಬದಲು ಈಗಲೇ, ಎಲ್ಲ ಸರಿ ಇರುವಾಗಲೇ, ಒಂದು ತಿಂಗಳ ಮಾತ್ರೆ ಜಾಸ್ತಿ ಮಾಡಿ ಇಟ್ಟುಕೊಳ್ಳಿ. ಒಂದೇ ಸಲ ದುಡ್ಡು ಹಾಕಲು ಆಗದಿದ್ದರೆ ಪ್ರತಿ ತಿಂಗಳು ಒಂದು ಸ್ಟ್ರಿಪ್ ಹೆಚ್ಚಿಗೆ ತನ್ನಿ. ಕೆಲವು ತಿಂಗಳಲ್ಲಿ ದಾಸ್ತಾನು ತಾನಾಗಿ ಕೂಡುತ್ತದೆ. ಹೊಸದನ್ನು ಡಬ್ಬದ ಹಿಂದೆ ಇಟ್ಟು ಹಳೆಯದನ್ನು ಮುಂದೆ ತನ್ನಿ, ಎಕ್ಸ್‌ಪೈರಿ ಆಗುವ ಭಯ ಇರುವುದಿಲ್ಲ. ಹೀಗೆ ಮಾಡಿದವರಿಗೆ ಮುಂಬೈ ಮಳೆಗಾಲದಲ್ಲೂ ಉಪಯೋಗ. 2005ರ ಜುಲೈ 26ರ ನೀರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡುಗೆಮನೆ, ಬಾತ್‌ರೂಮ್ ಹತ್ತಿರ ಮಾತ್ರೆ ಇಡಬೇಡಿ. ನಮ್ಮ ಜುಲೈ ತಿಂಗಳ ತೇವಕ್ಕೆ ಸ್ಟ್ರಿಪ್‌ನಿಂದ ಬಿಚ್ಚಿಟ್ಟ ಮಾತ್ರೆ ಬೇಗ ಹಾಳಾಗುತ್ತದೆ. ವಾರದ ಡಬ್ಬಿಗೆ ಹಾಕುವವರು ಒಂದು ವಾರದ್ದು ಮಾತ್ರ ಬಿಚ್ಚಿ, ಉಳಿದದ್ದು ಸ್ಟ್ರಿಪ್‌ನಲ್ಲೇ ಇರಲಿ.

ಈಗ ಹೆಸರಿನ ಗೊಂದಲ. ಕೌಂಟರಿನಲ್ಲಿ ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲೇ. ಪಾರ್ಕಿನ್ಸನ್‌ಗೆ ಕೊಡುವ ಸಿಂಡೋಪಾ ಅನ್ನುವ ಮಾತ್ರೆಯನ್ನೇ ನೋಡಿ. ಸಿಂಡೋಪಾ 110 ಅಂದರೆ 100 ಮಿಲಿಗ್ರಾಂ ಲೆವೊಡೋಪಾ, ಅದರ ಜೊತೆಗೆ ಸೇರಿಸುವ ಕಾರ್ಬಿಡೋಪಾ 10 ಮಿಲಿಗ್ರಾಂ. ಸಿಂಡೋಪಾ ಪ್ಲಸ್ ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಅಂಗಡಿಯಲ್ಲಿ 110 ಇಲ್ಲ, 275 ಇದೆ ಅಂದರೆ ಅದನ್ನು ಮುರಿದು ಲೆಕ್ಕ ಸರಿಮಾಡಿಕೊಳ್ಳುವ ಕೆಲಸ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಡಾಕ್ಟರಿಗೆ ಫೋನ್ ಮಾಡಿ. ಹೆಸರಿನ ಕೊನೆಗೆ ಸಿಆರ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ನುಂಗಲು ಕಷ್ಟ ಅಂತ ಜಜ್ಜಿ ನೀರಲ್ಲಿ ಕದಡಿ ಕೊಡುವ ಮನೆಗಳಿವೆ. ಹಾಗೆ ಮಾಡಿದರೆ ಇಡೀ ಡೋಸ್ ಒಂದೇ ಸಲ ಮೈಗೆ ಹೋಗುತ್ತದೆ.

ಫಿಟ್ಸ್ ಮಾತ್ರೆಯಲ್ಲಿ ಇನ್ನೂ ಒಂದು ವಿಷಯ. ಸಾಧ್ಯವಾದಷ್ಟು ಒಂದೇ ಕಂಪನಿಯದು ತೆಗೆದುಕೊಳ್ಳಿ. ಆ ಕಂಪನಿಯದು ಸಿಗಲಿಲ್ಲ ಅಂದರೆ ಮಾತ್ರೆ ಬಿಡುವುದಕ್ಕಿಂತ ಅದೇ ಔಷಧಿ, ಅದೇ ಮಿಲಿಗ್ರಾಂ ಇರುವ ಬೇರೆ ಕಂಪನಿಯದು ಎಷ್ಟೋ ವಾಸಿ. ಆದರೆ ಬದಲಾಯಿಸಿದ್ದನ್ನು ಡಾಕ್ಟರಿಗೆ ಹೇಳಿ, ತಾರೀಖು ಬರೆದಿಡಿ.

ಇದಕ್ಕೆಲ್ಲ ಮೊದಲು ಮಾಡಬೇಕಾದ್ದು, ಸ್ಟ್ರಿಪ್‌ನ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ಮೊಬೈಲಿನಲ್ಲಿ ಇಡುವುದು. "ಬಿಳಿ ಬಣ್ಣದ್ದು, ಸಣ್ಣದು, ನಡುವೆ ಗೆರೆ ಇದೆ" ಅಂತ ಹೇಳಿದರೆ ಯಾವ ಅಂಗಡಿಯವನಿಗೂ ಗೊತ್ತಾಗುವುದಿಲ್ಲ. ಒಂದೇ ಅಂಗಡಿ ನಂಬಿಕೊಳ್ಳಬೇಡಿ, ಎರಡು ಇರಲಿ. ನನ್ನ ವ್ಯಾಪಾರಕ್ಕೆ ನಷ್ಟ ಆದರೂ ಇದನ್ನು ಹೇಳುತ್ತೇನೆ. ನಮಗೆ ಮಾಲು ಬರುವುದು ಭಿವಂಡಿಯ ಗೋದಾಮುಗಳಿಂದ, ಪ್ರಿನ್ಸೆಸ್ ಸ್ಟ್ರೀಟಿನ ದವಾ ಬಜಾರಿನಿಂದ. ಟೆಂಪೋ ನಿಂತರೆ ಎಲ್ಲ ಅಂಗಡಿಗೂ ಒಂದೇ ದಿನ ಮಾಲು ಖಾಲಿ ಆಗುವುದಿಲ್ಲ. ಇಬ್ಬರಲ್ಲೂ ನಿಮ್ಮ ತಿಂಗಳ ಲೆಕ್ಕ ಬರೆಸಿಡಿ. ಗೊತ್ತಿರುವ ಗಿರಾಕಿಯ ಮಾತ್ರೆಯನ್ನು ನಾವು ಮೊದಲೇ ತೆಗೆದಿಡುತ್ತೇವೆ.

ಚೀಟಿ, ಫೋನು, ವೀಡಿಯೊ

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ಹೊರಡಿಸಿತು. ಫೋನ್, ವೀಡಿಯೊ, ಚಾಟ್ ಮೂಲಕ ಡಾಕ್ಟರು ರೋಗಿಯನ್ನು ನೋಡಬಹುದು, ಚೀಟಿ ಕಳಿಸಬಹುದು ಅಂತ ಅದರಲ್ಲಿ ಸ್ಪಷ್ಟ ಆಯಿತು. ಆರು ತಿಂಗಳ ಒಳಗೆ ಎದುರಿಗೆ ನೋಡಿದ ಡಾಕ್ಟರು ಅದೇ ಕಾಯಿಲೆಗೆ ಮತ್ತೆ ನೋಡಿದರೆ ಅದನ್ನು ಫಾಲೋ ಅಪ್ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಕಾಯಿಲೆ ಹಿಡಿತದಲ್ಲಿದ್ದರೂ ಆರು ತಿಂಗಳಿಗೆ ಒಮ್ಮೆಯಾದರೂ ಮುಖ ತೋರಿಸಿ ಬನ್ನಿ. ಸರ್ಕಾರದ ಇ-ಸಂಜೀವನಿ ಕೂಡ ಆ ವರ್ಷ ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ ಸೌಲಭ್ಯ ಶುರುಮಾಡಿತು. ಹೊಸ ತೊಂದರೆಗೆ ಅದು ಒಂದು ದಾರಿ. ಆದರೆ ನಿಮ್ಮ ಹಳೆಯ ಡಾಕ್ಟರ ನಂಬರಿಗೆ ಅದು ಸಮ ಅಲ್ಲ.

ಚೀಟಿಯ ಫೋಟೋ ಕಳಿಸುವಾಗ ನಾಲ್ಕೂ ಮೂಲೆ ಕಾಣಬೇಕು. ರೋಗಿಯ ಹೆಸರು, ವಯಸ್ಸು, ತಾರೀಖು, ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಓದಲು ಬರಬೇಕು. ಅರ್ಧ ಚೀಟಿಯ ಮಸುಕು ಫೋಟೋ ಕಳಿಸಿ "ಅರ್ಜೆಂಟ್" ಅಂತ ಬರೆದರೆ ನಾನು ಏನು ಮಾಡಲಿ?

ವೀಡಿಯೊ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನರರೋಗದ ಡಾಕ್ಟರಿಗೆ ಮಾತಿಗಿಂತ ಕಣ್ಣಿಗೆ ಕಂಡದ್ದು ಮುಖ್ಯ. ಫೋನಿನಲ್ಲಿ ಡಾಕ್ಟರು "ಹೇಗಿದ್ದೀರಿ ಅಮ್ಮ?" ಅಂತ ಕೇಳಿದರೆ ನಮ್ಮ ಅಮ್ಮ "ಲಾಯ್ಕ್ ಇದ್ದೆ" ಅಂದುಬಿಡುತ್ತಾರೆ. ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುವುದನ್ನು ಹೇಳುವುದೇ ಇಲ್ಲ. ಹಾಗಾಗಿ ಮೊದಲೇ ವೀಡಿಯೊ ಮಾಡಿಡಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನಿಗೆ ಇರಬಾರದು. ತಲೆಯಿಂದ ಪಾದದವರೆಗೆ ಕಾಣಲಿ. ಕುರ್ಚಿಯಿಂದ ಕೈ ಊರದೆ ಏಳಿಸಿ. ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ವಾಪಸ್ ನಡೆಸಿ. ತಿರುಗುವಾಗಲೇ ಹೆಚ್ಚು ತೊಂದರೆ ಕಾಣುವುದು. ಹೆಬ್ಬೆರಳು ತೋರುಬೆರಳು ಬೇಗ ಬೇಗ ತಾಗಿಸಲು ಹೇಳಿ, ಎರಡೂ ಕೈಯಲ್ಲಿ. ಒಂದು ಸಾಲು ಬರೆಸಿ ಅದರ ಫೋಟೋ ತೆಗೆಯಿರಿ, ಅಕ್ಷರ ಹೋಗುತ್ತಾ ಹೋಗುತ್ತಾ ಸಣ್ಣದಾಗುತ್ತದೆಯೋ ಅಂತ ಅವರು ನೋಡುತ್ತಾರೆ. ಮಾತ್ರೆ ನುಂಗಿ ಎಷ್ಟು ಹೊತ್ತಾಗಿದೆ ಅಂತ ವೀಡಿಯೊದಲ್ಲೇ ಬಾಯಿಬಿಟ್ಟು ಹೇಳಿ. ಮಾತ್ರೆಗೆ ಮೊದಲು ಒಂದು, ಒಂದು ಗಂಟೆ ಆದ ಮೇಲೆ ಒಂದು ಇದ್ದರೆ ಇನ್ನೂ ಒಳ್ಳೆಯದು.

ಫಿಟ್ಸ್ ಬಂದಾಗಲೂ ಹಾಗೆಯೇ. ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮೊಬೈಲ್ ಹಿಡಿಯಲಿ. ಮನಸ್ಸಿಗೆ ಕಷ್ಟ, ನಿಜ. ಆದರೆ ಕಣ್ಣು ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಎಳೆಯಿತು ಅನ್ನುವುದು ಆಮೇಲೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಮನೆಯಲ್ಲೇ ಕೂತರೆ ಹೊತ್ತು ಜಾರುತ್ತದೆ

ಲಾಕ್‌ಡೌನ್‌ನಲ್ಲಿ ಎಲ್ಲರ ಮನೆಯಲ್ಲೂ ಎಂಟು ಗಂಟೆಯ ತಿಂಡಿ ಹತ್ತಕ್ಕೆ ಹೋಯಿತು, ಊಟ ಮೂರಕ್ಕೆ ಹೋಯಿತು. 7.12ರ ಫಾಸ್ಟ್ ಲೋಕಲ್ ಹಿಡಿಯುವ ಅವಸರ ಇರಲಿಲ್ಲ ಅಲ್ವಾ? ತಿಂಡಿಗೆ ಕಟ್ಟಿಕೊಂಡ ಮಾತ್ರೆಗಳೂ ಅದರ ಹಿಂದೆಯೇ ಜಾರಿದವು. ಅದಕ್ಕೆ ಮಾತ್ರೆಯನ್ನು ಊಟಕ್ಕೆ ಕಟ್ಟಬೇಡಿ, ಗಡಿಯಾರಕ್ಕೆ ಕಟ್ಟಿ. ಮೊಬೈಲಿನಲ್ಲಿ ಅಲಾರಾಂ ಇಡಿ, ಒಬ್ಬರ ಮೊಬೈಲಿನಲ್ಲಿ ಅಲ್ಲ, ಇಬ್ಬರದರಲ್ಲಿ.

ಲೆವೊಡೋಪಾ ಮತ್ತು ಪ್ರೋಟೀನ್ ಹೊಟ್ಟೆಯಿಂದ ರಕ್ತಕ್ಕೆ ಹೋಗಲು ಒಂದೇ ಬಾಗಿಲಿಗೆ ನುಗ್ಗುತ್ತವೆ. ಮೀನು, ಮೊಟ್ಟೆ, ಬೇಳೆ, ಹಾಲಿನ ಜೊತೆ ನುಂಗಿದರೆ ಕೆಲವರಿಗೆ ಮಾತ್ರೆ ನಾಟುವುದೇ ಇಲ್ಲ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆ ಬಿಟ್ಟು ಕೊಡಲು ಹೇಳುತ್ತಾರೆ. ಹೊಟ್ಟೆ ತೊಳಸಿದರೆ ಒಂದು ರಸ್ಕ್ ಅಥವಾ ಎರಡು ತುತ್ತು ಗಂಜಿ ಸಾಕು. ಹಾಗಂತ ಪ್ರೋಟೀನೇ ಬಿಡಬೇಡಿ, ವಯಸ್ಸಾದವರ ಮೈ ಸೊರಗುತ್ತದೆ. ರಾತ್ರಿ ಊಟಕ್ಕೆ ಮೀನು ಇಟ್ಟುಕೊಂಡರೆ ಆಯಿತು.

ಕೋವಿಡ್ ಕಾಲದಲ್ಲಿ ಎಲ್ಲರೂ ಶಕ್ತಿಗೆ ಅಂತ ಮಾತ್ರೆ ನುಂಗಿದರು. ಮಲ್ಟಿವಿಟಮಿನ್ ಮಾತ್ರೆಯಲ್ಲಿ ಕಬ್ಬಿಣದ ಅಂಶ ಇದ್ದರೆ ಅದು ಲೆವೊಡೋಪಾವನ್ನು ಹಿಡಿದುಕೊಂಡು ಬಿಡುತ್ತದೆ. ಎರಡರ ನಡುವೆ ಕೆಲವು ಗಂಟೆ ಅಂತರ ಇರಲಿ. ಇನ್ನು ಆಯುರ್ವೇದದ ಪುಡಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾವೇ ಇದೆ. "ಇದು ಸೊಪ್ಪು ಬೇರು, ಏನೂ ಆಗುವುದಿಲ್ಲ" ಅಂತ ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಡೋಸ್ ಜಾಸ್ತಿಯಾಗಿ ಮೈ ತಾನಾಗಿ ಹೊರಳಾಡಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಕೊಡುವುದಿದ್ದರೆ ಡಾಕ್ಟರನ್ನು ಕೇಳಿ ಕೊಡಿ.

ಮಲಬದ್ಧತೆಯನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಹೊಟ್ಟೆ ನಿಧಾನ ಆದರೆ ಮಾತ್ರೆಯೂ ನಿಧಾನ. ಮನೆಯಲ್ಲಿ ಕೂತೇ ಇದ್ದರೆ ಇದು ಬಂದೇ ಬರುತ್ತದೆ. ನೀರು, ಸೊಪ್ಪು, ಬಾಳೆಹಣ್ಣು, ನಡಿಗೆ.

ನಡಿಗೆಗೆ ಹೊರಗೆ ಬಿಡದಿದ್ದಾಗ ನಾವು ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನೆಲಕ್ಕೆ ಅಡ್ಡಡ್ಡ ಬಣ್ಣದ ಟೇಪು ಅಂಟಿಸಿದೆವು, ಒಂದು ಹೆಜ್ಜೆಗೆ ಒಂದು ಪಟ್ಟಿ. ಕಾಲು ಅಂಟಿಕೊಳ್ಳುವ ಪಾರ್ಕಿನ್ಸನ್‌ನವರು ಗೆರೆ ದಾಟಿ ಅಂದರೆ ದಾಟುತ್ತಾರೆ. ಸುಮ್ನೆ ನಡಿ ಅಂದರೆ ಆಗುವುದಿಲ್ಲ. ಭಜನೆಯ ತಾಳಕ್ಕೂ ಹೆಜ್ಜೆ ಬರುತ್ತದೆ. ಮುಂಬೈಯಲ್ಲಿ 2001ರಿಂದ ಇರುವ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯವರು ಲಾಕ್‌ಡೌನ್‌ನಲ್ಲಿ ತಮ್ಮ ವ್ಯಾಯಾಮದ ತರಗತಿಗಳನ್ನು ಆನ್‌ಲೈನ್‌ಗೆ ತಂದರು. ಅಂಥದ್ದಕ್ಕೆ ಸೇರಿಕೊಳ್ಳಿ. ಮಗನ ಮಾತಿಗಿಂತ ಪರದೆಯ ಮೇಲಿನವರ ಮಾತಿಗೆ ಹಿರಿಯರು ಬೇಗ ಏಳುತ್ತಾರೆ.

ಮಾಸ್ಕ್ ಹಾಕಿದರೆ ಕನ್ನಡಕಕ್ಕೆ ಹಬೆ ಹಿಡಿಯುತ್ತದೆ, ಪಾದದ ಹತ್ತಿರದ ನೆಲ ಕಾಣುವುದಿಲ್ಲ. ಮೊದಲೇ ಮೆಲು ದನಿ, ಅದೂ ಬಟ್ಟೆಯೊಳಗೆ ಹೂತುಹೋಗುತ್ತದೆ. ಮೂಗಿನ ತಂತಿ ಸರಿಯಾಗಿ ಒತ್ತಿ, ಮೆಟ್ಟಿಲಿನಲ್ಲಿ ಕೈ ಹಿಡಿಯಿರಿ.

ಜ್ವರ ಬಂದರೆ

ಪಾರ್ಕಿನ್ಸನ್ ಇದ್ದ ಬಹಳ ಜನರಿಗೆ ಮೂಗಿನ ವಾಸನೆ ವರ್ಷಗಳ ಹಿಂದೆಯೇ ಹೋಗಿರುತ್ತದೆ. ಹಾಗಾಗಿ "ವಾಸನೆ ಬರುತ್ತಾ?" ಅನ್ನುವ ಕೋವಿಡ್ ಪ್ರಶ್ನೆಗೆ ಅವರ ಉತ್ತರ ನಂಬುವ ಹಾಗಿಲ್ಲ. ಬೇರೆಯದನ್ನು ನೋಡಿ. ನಿನ್ನೆವರೆಗೆ ನಡೆಯುತ್ತಿದ್ದವರು ಇವತ್ತು ಏಳಲೇ ಇಲ್ಲ, ಮಾತು ಅಸಂಬದ್ಧ ಆಯಿತು, ಗೋಡೆಯ ಮೇಲೆ ಯಾರೋ ಕಾಣುತ್ತಾರೆ ಅನ್ನುತ್ತಾರೆ. ವಯಸ್ಸಾದವರಲ್ಲಿ ಸೋಂಕಿನ ಮೊದಲ ಗುರುತು ಇದೇ ಆಗಿರಬಹುದು, ಕೋವಿಡ್ ಆಗಲಿ, ಮೂತ್ರದ ಸೋಂಕಾಗಲಿ. "ಕಾಯಿಲೆ ಜಾಸ್ತಿ ಆಯಿತು" ಅಂತ ನೀವೇ ತೀರ್ಮಾನ ಮಾಡಿ ಡೋಸ್ ಏರಿಸಬೇಡಿ, ಇಳಿಸಬೇಡಿ. ಮೊದಲು ಥರ್ಮಾಮೀಟರ್ ಇಡಿ, ಡಾಕ್ಟರಿಗೆ ಫೋನ್ ಮಾಡಿ.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನಡುಗುವ ಬೆರಳಿನಲ್ಲಿ ಸುಳ್ಳು ಹೇಳುತ್ತದೆ. ಕಡಿಮೆ ನಡುಗುವ ಕೈಯನ್ನು ದಿಂಬಿನ ಮೇಲಿಟ್ಟು, ಬೆರಳು ಬೆಚ್ಚಗೆ ಮಾಡಿ, ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ನೋಡಿ. ಅಂಕಿ ಒಂದು ನಿಮಿಷದಷ್ಟು ಹೊತ್ತು ಒಂದೇ ಕಡೆ ನಿಂತರೆ ಅದನ್ನು ಬರೆದುಕೊಳ್ಳಿ. 94ಕ್ಕಿಂತ ಕೆಳಗೆ ನಿಂತರೆ ತಡ ಮಾಡಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೊಂದರೆ ಇಲ್ಲ. ತೊಂದರೆ ಬರುವುದು ಅದರ ಜೊತೆಗೆ ಕೊಡುವ ಬೇರೆ ಮಾತ್ರೆಗಳಿಂದ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಅಂದರೆ ಪೆರಿನಾರ್ಮ್, ಮತ್ತು ಪ್ರೋಕ್ಲೋರ್‌ಪೆರಜಿನ್, ಅಂದರೆ ಸ್ಟೆಮೆಟಿಲ್, ಇವೆರಡೂ ಪಾರ್ಕಿನ್ಸನ್‌ನವರಿಗೆ ಬೇಡ. ಮೈ ಬಿಗಿದುಬಿಡುತ್ತದೆ. ರಾತ್ರಿ ಕಿರುಚಾಡಿದರೆ ಆಸ್ಪತ್ರೆಯಲ್ಲಿ ಕೊಡುವ ಹ್ಯಾಲೋಪೆರಿಡಾಲ್ ಕೂಡ ಬೇಡ. ಪಾರ್ಕಿನ್ಸನ್‌ಗೇ ಕೊಡುವ ರಸಾಜಿಲಿನ್ ಅಥವಾ ಸೆಲಿಜಿಲಿನ್ ತೆಗೆದುಕೊಳ್ಳುವವರು ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ಕುಡಿಯಬಾರದು. ಅಂಗಡಿಗೆ ಬಂದು "ಒಣ ಕೆಮ್ಮಿಗೆ ಏನಾದರೂ ಕೊಡಿ" ಅನ್ನುವ ಮೊದಲು ಅಮ್ಮ ಏನೇನು ತೆಗೆದುಕೊಳ್ಳುತ್ತಾರೆ ಅಂತ ಹೇಳಿ. ನಾವು ಕೇಳದಿದ್ದರೂ ಹೇಳಿ.

ಫಿಟ್ಸ್ ಇರುವವರಿಗೆ ನೋವಿನ ಟ್ರಮಾಡಾಲ್ ಫಿಟ್ಸ್ ಬರಿಸಬಹುದು. ಆಮೇಲೆ ಬಂದ ನಿರ್ಮಾಟ್ರೆಲ್ವಿರ್–ರಿಟೊನಾವಿರ್ ಅನ್ನುವ ಕೋವಿಡ್ ಮಾತ್ರೆ ಕಾರ್ಬಮಜಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಅನ್ನುವ ಫಿಟ್ಸ್ ಮಾತ್ರೆಗಳ ಜೊತೆ ಕೂಡುವುದಿಲ್ಲ.

ಮೈಸ್ತೇನಿಯಾ ಗ್ರಾವಿಸ್ ಇರುವವರ ಕಥೆ ಎಲ್ಲಕ್ಕಿಂತ ಸೂಕ್ಷ್ಮ. ರೆಪ್ಪೆ ಇಳಿಯುವ, ಮಾಂಸಖಂಡ ಬೇಗ ಸೋಲುವ ಕಾಯಿಲೆ ಅದು. ಆಗ ಎಲ್ಲರ ಬಾಯಲ್ಲೂ ಇದ್ದ ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಿಥ್ರೋಮೈಸಿನ್, ಜೊತೆಗೆ ಲಿವೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್, ಈ ಮೂರೂ ಅವರ ಉಸಿರಾಟದ ಬಲವನ್ನೇ ಕುಗ್ಗಿಸಬಹುದು. ಪಕ್ಕದ ಮನೆಯವರು ವಾಟ್ಸಾಪಿನಲ್ಲಿ ಕಳಿಸಿದ ಕೋವಿಡ್ ಕಿಟ್ ಪಟ್ಟಿ ನೋಡಿ ಮಾತ್ರೆ ತೆಗೆದುಕೊಳ್ಳುವ ಚಾಳಿ ಅವರಿಗಂತೂ ಖಂಡಿತ ಬೇಡ.

ಫಿಟ್ಸ್ ಇರುವ ಹೋಟೆಲ್ ಹುಡುಗರಿಗೆ

ನಮ್ಮ ಬೈಂದೂರು, ಕುಂದಾಪುರದ ಕಡೆಯ ಎಷ್ಟೋ ಹುಡುಗರು ಇಲ್ಲಿ ಹೋಟೆಲಿನಲ್ಲಿ ದುಡಿಯುತ್ತಾರೆ, ಒಂದು ರೂಮಿನಲ್ಲಿ ಹತ್ತು ಜನ ಮಲಗುತ್ತಾರೆ. ಫಿಟ್ಸ್ ಇದೆ ಅಂತ ಸೇಠ್‌ಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ಮಾತ್ರೆಯನ್ನು ಪೆಟ್ಟಿಗೆಯಲ್ಲಿ ಅಡಗಿಸಿಡುತ್ತಾರೆ. ಸೇಠ್‌ಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ರೂಮಿನಲ್ಲಿ ಒಬ್ಬನಿಗಾದರೂ ಹೇಳಿಡಿ. ಅಟ್ಟದ ಮೇಲಿನ ಹಾಸಿಗೆ ಬೇಡ, ಕೆಳಗೆ ಮಲಗಿ. ಬಾತ್‌ರೂಮಿನ ಚಿಲಕ ಹಾಕಬೇಡಿ. ಕುದಿಯುವ ಎಣ್ಣೆ ಬಾಣಲೆಯ ಮುಂದಿನ ಕೆಲಸ ತಪ್ಪಿಸಿಕೊಳ್ಳಿ. ಲೋಕಲ್ ಬಾಗಿಲಲ್ಲಿ ನೇತಾಡಬೇಡಿ. ರಾತ್ರಿ ನಿದ್ದೆಗೆಟ್ಟು ಮೊಬೈಲ್ ನೋಡಿದರೆ ಬೆಳಿಗ್ಗೆ ಫಿಟ್ಸ್ ಬರುವುದು ಸಾಮಾನ್ಯ. ಕೆಲಸವಿಲ್ಲದ ಲಾಕ್‌ಡೌನ್‌ನಲ್ಲಿ ಇದು ಬಹಳ ಆಯಿತು.

ಗೆಳೆಯನಿಗೆ ಫಿಟ್ಸ್ ಬಂದರೆ ಗಡಿಯಾರ ನೋಡಿ. ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತನೆಯದು ಇಡಿ, ಅವನ ಮಾಸ್ಕ್ ತೆಗೆಯಿರಿ. ನಿಮ್ಮ ಮಾಸ್ಕ್ ಇರಲಿ. ಸೋಂಕಿನ ಭಯಕ್ಕೆ ದೂರ ನಿಂತು ನೋಡುವುದು ಬೇಡ, ಮಗ್ಗುಲಿಗೆ ತಿರುಗಿಸಲು ಅರ್ಧ ನಿಮಿಷವೂ ಬೇಡ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ, ಇಲ್ಲವೇ ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೆ, 108ಕ್ಕೆ ಫೋನ್ ಮಾಡಿ. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಅಂತ ಬರುತ್ತದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದನ್ನು ಇಟ್ಟುಕೊಳ್ಳಬೇಕೇ ಅಂತ ಕೇಳಿ.

ಊರಿಗೆ ಓಡುವ ಮನಸ್ಸಾದರೆ ಕನಿಷ್ಠ ಒಂದು ತಿಂಗಳ ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿರಲಿ. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಹೆಸರು ಬರೆಸಿ ಹೋದವರನ್ನು ನೇರ ಮನೆಗೆ ಬಿಡಲಿಲ್ಲ, ಶಾಲೆ ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ಮಾತ್ರೆ ಬಸ್ಸಿನ ಡಿಕ್ಕಿಯ ಟ್ರಂಕಿನಲ್ಲಿ ಇದ್ದರೆ ಏನು ಉಪಯೋಗ?

ಆಸ್ಪತ್ರೆಗೆ ಸೇರಿಸಬೇಕಾದರೆ

ಕೋವಿಡ್ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ನನ್ನ ಅಮ್ಮನನ್ನು ಸೇರಿಸಿದ ಕಡೆ ಮಾತ್ರೆ ಕೊಡುತ್ತಿದ್ದದ್ದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಇಡೀ ವಾರ್ಡಿಗೆ ಒಟ್ಟಿಗೆ. ಅಮ್ಮನಿಗೆ ನಾಲ್ಕು ಗಂಟೆಗೊಮ್ಮೆ ಬೇಕು. ಎರಡನೇ ದಿನಕ್ಕೆ ಅವರಿಗೆ ಮಗ್ಗುಲು ತಿರುಗಲೂ ಆಗಲಿಲ್ಲ, ಉಗುಳು ನುಂಗಲೂ ಆಗಲಿಲ್ಲ. ಸಿಸ್ಟರುಗಳು ಕೆಟ್ಟವರಲ್ಲ. ಅಷ್ಟು ಜನರ ನಡುವೆ ಒಬ್ಬರ ಗಡಿಯಾರ ಬೇರೆ ಅಂತ ಅವರಿಗೆ ಹೇಳಿದವರಿರಲಿಲ್ಲ.

ಹಾಗಾಗಿ ಈಗ ಒಂದು ಕಾಗದ ಸಿದ್ಧ ಇದೆ. ದೊಡ್ಡ ಅಕ್ಷರ, ಒಂದೇ ಪುಟ. ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆಯಿರಿ, ಕನ್ನಡ ಅಲ್ಲಿ ಯಾರೂ ಓದುವುದಿಲ್ಲ. ಅದರಲ್ಲಿ ಇರುವುದು ಇಷ್ಟು: ಹೆಸರು, ವಯಸ್ಸು, ಕಾಯಿಲೆ. ಮಾತ್ರೆಯ ಹೆಸರು, ಮಿಲಿಗ್ರಾಂ, ಗಂಟೆ. "ಈ ಮಾತ್ರೆ ನಿಲ್ಲಿಸಬಾರದು, ತಡ ಮಾಡಬಾರದು" ಅಂತ ಒಂದು ಸಾಲು. "ಹ್ಯಾಲೋಪೆರಿಡಾಲ್, ಪೆರಿನಾರ್ಮ್, ಸ್ಟೆಮೆಟಿಲ್ ಕೊಡಬಾರದು" ಅಂತ ಇನ್ನೊಂದು ಸಾಲು, ಕೆಂಪು ಶಾಯಿಯಲ್ಲಿ. ನ್ಯೂರಾಲಜಿಸ್ಟರ ಫೋನ್ ನಂಬರ್, ಅವರ ಸಹಿ ಸಿಕ್ಕಿದರೆ ಸಹಿ. "ಬಾಯಿಂದ ನುಂಗಲು ಆಗದಿದ್ದರೆ ದಯವಿಟ್ಟು ಇವರಿಗೆ ಫೋನ್ ಮಾಡಿ." ಮೂರು ಪ್ರತಿ ಮಾಡಿ. ಒಂದು ಫೈಲಿಗೆ, ಒಂದು ಮಾತ್ರೆಯ ಚೀಲಕ್ಕೆ, ಒಂದು ರೋಗಿಯ ಬಟ್ಟೆಗೆ ಪಿನ್ ಹಾಕಲು. ಮಾತ್ರೆಗಳನ್ನು ಜಿಪ್ ಚೀಲದಲ್ಲಿ ಹಾಕಿ ಮೇಲೆ ಗಂಟೆ ಬರೆಯಿರಿ. ವಾರ್ಡಿನ ಔಷಧಿ ಕಪಾಟಿನಲ್ಲಿ ಲೆವೊಡೋಪಾ ಇರುತ್ತದೆ ಅಂತ ನಂಬಬೇಡಿ.

ಅಮ್ಮನ ವಿಷಯದಲ್ಲಿ ವಾರ್ಡಿನ ಒಬ್ಬ ರೆಸಿಡೆಂಟ್ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದ ಇಂಥದ್ದೇ ಒಂದು ಚೀಟಿಯಿಂದ ಗಂಟೆ ಸರಿಯಾಯಿತು.

ಲಕ್ವ ಹೊಡೆದರೆ ಕೋವಿಡ್ ಲೆಕ್ಕಕ್ಕಿಲ್ಲ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಮುಖ ಒಂದು ಕಡೆ ಸೊಟ್ಟ ಆಯಿತು, ಕೈ ಎತ್ತಿದರೆ ಜಾರುತ್ತದೆ, ಮಾತು ತೊದಲುತ್ತದೆ ಅಂದರೆ ಹೊತ್ತು ನೋಡಿಕೊಂಡು ಹೊರಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಸಿಗಬೇಕು. 2020ರಲ್ಲಿ ಆಸ್ಪತ್ರೆಗೆ ಹೋದರೆ ಕೋವಿಡ್ ಅಂಟುತ್ತದೆ ಅಂತ ಮನೆಯಲ್ಲೇ ಎಣ್ಣೆ ತಿಕ್ಕಿಸಿಕೊಂಡು ಕೂತವರಿದ್ದಾರೆ. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಗಡ್ಡೆಯೋ ರಕ್ತಸ್ರಾವವೋ ಅಂತ ಸಿಟಿ ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ನೀರೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದೀತು. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ಇದೆ, ಆ ಇಂಜೆಕ್ಷನ್ ಕೊಡುತ್ತಾರೆ ಅಂತ ಈಗಲೇ ಕೇಳಿಡಿ. ಸಾಂಕ್ರಾಮಿಕ ಬಂದಾಗ ಕೆಲವು ಆಸ್ಪತ್ರೆಗಳು ಪೂರ್ತಿ ಕೋವಿಡ್‌ಗೆ ಹೋಗುತ್ತವೆ, ಹಾಗಾಗಿ ಮತ್ತೆ ಮತ್ತೆ ಕೇಳಬೇಕು.

ಲಸಿಕೆ, ಸೊಸೈಟಿ, ಇತ್ಯಾದಿ

"ನರದ ಕಾಯಿಲೆ ಇದೆ, ಲಸಿಕೆ ಹಾಕಿಸಬಹುದಾ?" ಅಂತ ದಿನವೂ ಕೇಳುತ್ತಿದ್ದರು. ಪಾರ್ಕಿನ್ಸನ್, ಫಿಟ್ಸ್, ಲಕ್ವ ಇದ್ದವರಿಗೆ ಸಾಮಾನ್ಯವಾಗಿ ಹಾಕಿಸಲೇ ಹೇಳಿದರು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಜೀವಂತ ವೈರಸ್‌ನ ಲಸಿಕೆಗಳಲ್ಲ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಥರದ ಇಂಜೆಕ್ಷನ್ ಪಡೆಯುವವರು ಮಾತ್ರ ಎರಡರ ನಡುವಿನ ಅಂತರವನ್ನು ಡಾಕ್ಟರ ಹತ್ತಿರ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ಲಸಿಕೆ ಸರಿಯಾಗಿ ನಾಟುವುದಿಲ್ಲ. ಹಿಂದೆ ಗಿಯಾನ್-ಬಾರೆ, ಅಂದರೆ ಕೈಕಾಲಿನ ಬಲ ತಟ್ಟನೆ ಕುಸಿಯುವ ನರದ ಕಾಯಿಲೆ, ಬಂದವರೂ ಕೇಳಿಯೇ ಮುಂದುವರಿಯಬೇಕು. ಲಸಿಕೆಯ ಜ್ವರಕ್ಕೆ ಒಂದೆರಡು ದಿನ ನಡುಕ ಏರಬಹುದು.

ನಮ್ಮ ಬಿಲ್ಡಿಂಗಿನ ಸೊಸೈಟಿಯವರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಅಂದಾಗ ಅಮ್ಮನನ್ನು ನೋಡಿಕೊಳ್ಳಲು ಬರುವ ಹೆಂಗಸು ಗೇಟಿನಲ್ಲೇ ನಿಂತಳು. ವಾಚ್‌ಮನ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ಅವನಿಗೆ ಮೇಲಿಂದ ಹೇಳಿದ್ದಾರೆ. ಸೆಕ್ರೆಟರಿಗೆ ಕಾಗದ ಬೇಕು. "ಇವರು ಸಹಾಯವಿಲ್ಲದೆ ಏಳಲಾರರು" ಅಂತ ಡಾಕ್ಟರ ಒಂದು ಪತ್ರ, ಜೊತೆಗೆ ಅಂಗವಿಕಲರ ಯುಡಿಐಡಿ ಕಾರ್ಡ್ ಇದ್ದರೆ ಮಾತು ಬೇಗ ಮುಗಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಪಾರ್ಕಿನ್ಸನ್ ಮತ್ತು ಎಂಎಸ್ ಎರಡೂ ಸೇರಿವೆ. ಬಹಳ ಮನೆಯವರಿಗೆ ಇದು ಗೊತ್ತಿಲ್ಲ. ಕಾರ್ಡಿಗೆ ಆಸ್ಪತ್ರೆಯ ತಪಾಸಣೆ ಬೇಕು, ಆದ್ದರಿಂದ ಎಲ್ಲ ತೆರೆದಿರುವಾಗಲೇ ಅರ್ಜಿ ಹಾಕಿ.

ಕೊನೆಗೆ, ನೋಡಿಕೊಳ್ಳುವವರೇ ಮಲಗಿದರೆ? ನನ್ನ ಹೆಂಡತಿಗೆ ಕೋವಿಡ್ ಬಂದು ಒಳಗಿನ ಕೋಣೆ ಸೇರಿದಾಗ, ನಾನು ಅಂಗಡಿಯಲ್ಲಿದ್ದ ಹೊತ್ತಿಗೆ ಎದುರು ಮನೆಯ ಮರಾಠಿ ಕಾಕು ಬಂದು ಮಾತ್ರೆ ಕೊಟ್ಟರು. ಕೊಡಲು ಆದದ್ದು, ಮೊದಲೇ ಒಂದು ಭಾನುವಾರ ಅವರನ್ನು ಕರೆದು ಎಲ್ಲ ತೋರಿಸಿದ್ದರಿಂದ. ಯಾವ ಡಬ್ಬಿ, ಎಷ್ಟು ನೀರು, ಗದ್ದ ಸ್ವಲ್ಪ ಕೆಳಗಿರಲಿ, ನುಂಗಿದ ಮೇಲೆ ಬಾಯಿ ತೆರೆಸಿ ನೋಡಿ ಅಂತ. ಫ್ರಿಜ್ ಬಾಗಿಲ ಮೇಲೆ ಮರಾಠಿಯಲ್ಲಿ ಗಂಟೆಗಳ ಪಟ್ಟಿ ಅಂಟಿಸಿದ್ದೆವು. ನೀವೂ ಅಂಟಿಸಿ, ಮೇಲೆ ತಾರೀಖು ಹಾಕಿ. ಡೋಸ್ ಬದಲಾದ ದಿನವೇ ಹೊಸದು ಬರೆದು ಹಳೆಯದನ್ನು ಹರಿದುಹಾಕಿ. ಎರಡೂ ಇದ್ದರೆ ಹೊಸದಾಗಿ ಬಂದವರ ಕಣ್ಣಿಗೆ ಹಳೆಯದೇ ಮೊದಲು ಬೀಳುತ್ತದೆ.